ಉಣ್ಣೆಹಾಸಿನ ಮೇಲೆ ಇಪ್ಪತ್ತು ನಿಮಿಷ

ತಿಯೆನ್ ಶಾನ್ ಬೆಟ್ಟಗಳ ನಡುವಣ ಕಿರ್ಗಿಜ್ ಕಣಿವೆಯೊಂದರ ಹುಲ್ಲುಗಾವಲು ಸಮಿತಿಯ ಲ್ಯಾಪ್‌ಟಾಪು, ಚಾಲೂ ಮಾಡಿದ ಇಪ್ಪತ್ತನೆಯ ನಿಮಿಷಕ್ಕೆ ತಾನಾಗಿಯೇ ಆರಿಹೋಗುತ್ತದೆಂಬುದು ನಿರ್ವಿವಾದ ಸಂಗತಿ. ಮೇವಿನ ಪರವಾನಗಿಯೊಂದನ್ನು ತುಂಬಿ ಮುದ್ರಿಸಲು ಇಪ್ಪತ್ತಾರು ನಿಮಿಷ ಬೇಕೆಂಬುದೂ ಅಷ್ಟೇ ನಿರ್ವಿವಾದ. ಯಂತ್ರ ಆರಿದಾಗ ತುಂಬಿದ್ದೆಲ್ಲ ಅಳಿದುಹೋಗುವುದರಿಂದ, ಈ ಆರು ನಿಮಿಷಗಳ ಅಂತರದಲ್ಲಿ ಸಾಯ್ರಾ ಅಪಾ ಎಂಬ ವೃದ್ಧೆ ಮೂರು ದಿನಗಳಿಂದ ಸಿಕ್ಕಿಕೊಂಡಿದ್ದರು. ಅವರ ನಲವತ್ತೆರಡು ಕುರಿಗಳು ಬೆಟ್ಟದ ಗೇಟಿನ ಬಳಿ ಮಣ್ಣು ಮೂಸುತ್ತಿದ್ದವು. ಪರವಾನಗಿಯಿಲ್ಲದೆ ಗೇಟು ದಾಟುವಂತಿರಲಿಲ್ಲ; ಬೆಟ್ಟ ಹತ್ತುವವರಿಗೆ ಅದು ಆ ವರ್ಷದ ಮಟ್ಟಿಗೆ ಆ ಸಂಜೆ ಮುಚ್ಚಲಿತ್ತು.

ಬಿಷ್ಕೇಕ್‌ನಲ್ಲಿ ಎಂಜಿನಿಯರಿಂಗ್ ಓದಿ ಬಂದಿದ್ದ ಗುಮಾಸ್ತೆ ಕಲಿಚಾ ಯಂತ್ರದ ಅಡಿಗೆ ಕೈಯಿಟ್ಟು, ಚುರುಕ್ಕೆಂದು ಹಿಂದೆಳೆದುಕೊಂಡಳು. ಅದು ಕುಳಿತಿದ್ದುದು ಅಧ್ಯಕ್ಷ ತುರ್ದುಬಾಯ್ ಅವರ ಹೆಂಡತಿ ಹೊಲಿದ, ಎರಡು ಬೆರಳು ದಪ್ಪದ ಉಣ್ಣೆಹಾಸಿನ ಮೇಲೆ.

"ಬಾಯ್ಕೆ," ಎಂದು ಅವಳು ಅಧ್ಯಕ್ಷರನ್ನು ಗೌರವದಿಂದ ಅಣ್ಣನೆಂದು ಕರೆದಳು, "ಇದರ ಗಾಳಿಗಂಡಿ ಹೊಟ್ಟೆಯಡಿ ಇದೆ. ಹಾಸು ಮುಚ್ಚಿಬಿಟ್ಟಿದೆ. ಕಾವು ಹೋಗೋಕೆ ದಾರಿಯಿಲ್ಲ. ಸುಟ್ಟುಹೋಗಬಾರದು ಅಂತ ತಾನೇ ಆರಿಕೊಳ್ಳುತ್ತೆ."

"ಅದು ರಾಜಧಾನಿಯಿಂದ ಬಂದಿರೋ ಅತಿಥಿ, ತಂಗಿ. ಬರಿ ಹಲಗೆ ಮೇಲೆ ಕೂರಿಸಿದ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ," ಎಂದರು ಅಧ್ಯಕ್ಷರು.

ಬರಿ ಹಲಗೆಯ ಬೆಂಚಿನ ಮೇಲೆ ಕುಳಿತಿದ್ದ ಸಾಯ್ರಾ ಅಪಾ ಕೇಳಿದರು: "ಗುಡಾರದ ಹೊಗೆಗಂಡಿ ಮುಚ್ಚಿ ಒಲೆ ಹಚ್ತೀಯೇನೋ ಮಗನೇ? ನನ್ನ ಟಗರಿಗೂ ಗೊತ್ತು ಇದು."

"ಅಪಾ, ತಾಂತ್ರಿಕ ವಿಷಯದಲ್ಲಿ ಬಾಯಿ ಹಾಕಬೇಡಿ," ಎಂದು ಅಧ್ಯಕ್ಷರು ಊಟಕ್ಕೆ ಹೋದರು.

ಕಲಿಚಾ ಹಾಸನ್ನು ತೆಗೆದು, ಎರಡು ಚಹಾ ಬಟ್ಟಲುಗಳನ್ನು ಬೋರಲು ಹಾಕಿ, ಯಂತ್ರವನ್ನು ಅವುಗಳ ಮೇಲಿಟ್ಟು ಕೆಲಸ ಆರಂಭಿಸಿದಳು. ಇಪ್ಪತ್ತು ನಿಮಿಷ ದಾಟಿತು. ಆರಲಿಲ್ಲ. ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಅಧ್ಯಕ್ಷರು ಮರಳಿದರು. ಬಟ್ಟಲುಗಳನ್ನು ಕಂಡು ಬಿಳಿಚಿಕೊಂಡರು. ಯಂತ್ರವನ್ನು ಎರಡೂ ಕೈಗಳಿಂದ ಎತ್ತಿ, ಮೆಲ್ಲಗೆ ಅದರ ಕ್ಷಮೆ ಕೇಳಿ, ಹಾಸಿನ ಮೇಲೆ ಕೂರಿಸಿದರು. ಮೊದಲೇ ಬಿಸಿಯೇರಿದ್ದ ಅದು ಒಂದೇ ನಿಮಿಷದಲ್ಲಿ ಆರಿತು.

ಸಮಿತಿಯು ತುರ್ತು ಸಭೆ ಸೇರಿ ಸರ್ವಾನುಮತದಿಂದ ನಿರ್ಣಯಿಸಿತು:

"ಯಂತ್ರವು ಅನಿರೀಕ್ಷಿತವಾಗಿ ಆರುತ್ತಿದೆಯೆಂಬ ದೂರನ್ನು ಪರಿಶೀಲಿಸಲಾಯಿತು. ಇನ್ನು ಮುಂದೆ ಸಿಬ್ಬಂದಿಯು ಅದು ಆರುವುದನ್ನು ಇಪ್ಪತ್ತನೆಯ ನಿಮಿಷಕ್ಕೆ ನಿರೀಕ್ಷಿಸತಕ್ಕದ್ದು. ಆದಕಾರಣ ದೋಷ ನಿವಾರಣೆಯಾಗಿದೆ. ಇಪ್ಪತ್ತು ನಿಮಿಷಗಳಲ್ಲಿ ಮುದ್ರಣಗೊಂಡಷ್ಟು ಭಾಗವನ್ನೇ ಪೂರ್ಣ ಪರವಾನಗಿಯೆಂದು ಪರಿಗಣಿಸತಕ್ಕದ್ದು."

ತಾಂತ್ರಿಕ ತಜ್ಞೆಯೆಂದು ಕಲಿಚಾ ಸಹಿ ಹಾಕಿದಳು. ಗೇಟು ಮುಚ್ಚಲು ಒಂದು ಗಂಟೆಯಿತ್ತು. ಹತ್ತೊಂಬತ್ತನೆಯ ನಿಮಿಷಕ್ಕೆ ಮೊದಲ ಪುಟ ಹೊರಬಂತು. ಅದರಲ್ಲಿ ಕುರಿಗಳು ಬೆಟ್ಟ ಹತ್ತಲು ಅನುಮತಿಯಿತ್ತು. ಇಳಿಯುವ ಅನುಮತಿ ಎರಡನೆಯ ಪುಟದ್ದು; ಅಷ್ಟರಲ್ಲಿ ಯಂತ್ರ ಆರಿತು.

"ಇಳಿಯೋಕೆ?" ಎಂದರು ಸಾಯ್ರಾ ಅಪಾ.

"ಚಳಿಗಾಲಕ್ಕೆ ಮುಂಚೆ ಇಲ್ಲಿಗೇ ಬಂದು ಬೇರೆ ಅರ್ಜಿ ಕೊಡಿ," ಎಂದರು ಅಧ್ಯಕ್ಷರು.

"ಅರ್ಜಿ ಕೊಡೋಕೆ ನಾನು ಇಳಿದು ಬರಬೇಕಲ್ಲೋ?"

"ಧಾರಾಳವಾಗಿ ಬನ್ನಿ ಅಪಾ. ಇಳಿಯೋ ಪರವಾನಗಿ ತೋರಿಸಿದ್ರೆ ಯಾರೂ ತಡೆಯಲ್ಲ."

ಅಪಾ ನ್ಯಾಯವೆಂಬಂತೆ ತಲೆಯಾಡಿಸಿ, ಕಾಗದವನ್ನು ರವಿಕೆಯೊಳಗೆ ಸೇರಿಸಿಕೊಂಡು ಗೇಟಿನತ್ತ ಓಡುನಡಿಗೆಯಲ್ಲಿ ಹೊರಟರು. ಕಲಿಚಾ ದೂರು ಪುಸ್ತಕದಲ್ಲಿ 'ಬಗೆಹರಿದಿದೆ' ಎಂದು ಬರೆದು, ಹಾಸಿನ ಮೇಲಿನ ಧೂಳನ್ನು ಕೊಡವಿದಳು.