ತಂಗಿ ಬರೆದ ಪ್ರಬಂಧ

ಗೊತ್ತಿಲ್ಲದ್ದನ್ನು ಕಲಿಸುವುದು ಅಷ್ಟೇನೂ ಕಷ್ಟವಲ್ಲ, ಗಟ್ಟಿ ದನಿ ಇದ್ದರೆ ಸಾಕು. ಆದರೆ ನಮಗೆ ಅದು ಚೆನ್ನಾಗಿ ಗೊತ್ತು ಎಂದು ಊರೆಲ್ಲ ನಂಬಿ ಕೂತಿರುವಾಗ ಕಲಿಸುವುದಿದೆಯಲ್ಲ, ಅದು ಬೆವರಿಳಿಸುತ್ತದೆ. ನಾನು ಹೊನ್ನೂರಿನ ಹತ್ತಿರದ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಓದಿದ್ದು ಒಂಬತ್ತನೆಯ ತರಗತಿಯ ಅರ್ಧ. ನಲವತ್ತು ಮಕ್ಕಳ ಸಾರಿಗೆ ಎಷ್ಟು ಉಪ್ಪು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಕಳೆದ ತಿಂಗಳು ಮೇಷ್ಟ್ರು ತರಬೇತಿಗೆಂದು ಯಳಂದೂರಿಗೆ ಹೊರಟವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಶಿವಮ್ಮಾ, ಮುಂದಿನ ಮಂಗಳವಾರ ಪ್ರಬಂಧ ಸ್ಪರ್ಧೆ. ಐದನೇ ಕ್ಲಾಸಿನ ಮಕ್ಕಳ ಕೈಲಿ 'ನನ್ನ ಆದರ್ಶ ವ್ಯಕ್ತಿ' ಅಂತ ಒಂದೊಂದು ಪುಟ ಬರೆಸಿಬಿಡಿ. ನೀವು ಬಹುಮಾನ ತಗೊಂಡೋರು, ನಿಮಗೇನು ಹೇಳೋದು?" ಎಂದುಬಿಟ್ಟರು.

ಬಹುಮಾನದ ವಿಷಯ ಅವರಿಗೆ ಹೇಗೆ ಗೊತ್ತೆಂದರೆ, ನಾನೇ ಹೇಳಿದ್ದೆ. ಸೊಪ್ಪು ಮಾರುವವಳಿಗೂ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಒಂದೇ: ಆ ಪ್ರಬಂಧ ಬರೆದವಳು ನನ್ನ ತಂಗಿ ಪುಟ್ಟಿ. ನಾನು ಒಂದು ವರ್ಷ ನಪಾಸಾಗಿ ಅವಳ ಪಕ್ಕದಲ್ಲೇ ಏಳನೆಯ ತರಗತಿಯಲ್ಲಿ ಕೂರುತ್ತಿದ್ದೆ. ಸ್ಪರ್ಧೆಯ ಹಿಂದಿನ ರಾತ್ರಿ ಮನೆಯಲ್ಲಿ ಅವಳು ಮೊದಲು ತನ್ನ ಪ್ರಬಂಧ ಬರೆದುಕೊಂಡು, ಆಮೇಲೆ ನನಗೊಂದು ಬರೆದುಕೊಟ್ಟಳು. ಅಷ್ಟು ಹೊತ್ತಿಗೆ ಅವಳ ಕೈ ಕುದುರಿತ್ತು. ಬಹುಮಾನ ನನ್ನದಕ್ಕೇ ಬಂತು! ಹನೂರಿನ ಹೈಸ್ಕೂಲಿಗೆ ಇಬ್ಬರಲ್ಲಿ ಒಬ್ಬಳನ್ನು ಕಳಿಸುವ ಮಾತು ಬಂದಾಗ ಅಪ್ಪ, "ಬಹುಮಾನ ತಂದೋಳೇ ಓಗ್ಲಿ" ಎಂದರು. ಪುಟ್ಟಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಇರಲಿ, ಈ ಮಕ್ಕಳಿಗಾದರೂ ನಿಜ ಬರೆಯುವುದನ್ನು ಕಲಿಸಿಯೇ ತೀರುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಮೊದಲ ದಿನ ಹನ್ನೊಂದು ಮಕ್ಕಳು ಹನ್ನೊಂದು ಮಹಾಪುರುಷರನ್ನು ಗೈಡಿನಿಂದ ಇಳಿಸಿದ್ದರು. ಎಲ್ಲರೂ ಬಡ ಕುಟುಂಬದಲ್ಲಿ ಜನಿಸಿ, ಬೀದಿ ದೀಪದಲ್ಲಿ ಓದಿದವರೇ. "ಎಲ್ಲಾ ಅಳಿಸ್ರಿ. ಕಣ್ಣಾರೆ ಕಂಡೋರ್ನ ಬರೀರಿ, ಅವ್ರು ಮಾಡಿದ ಒಂದು ಕೆಲ್ಸ ಬರೀರಿ" ಎಂದೆ. ಮಾರನೆಯ ದಿನ ಮಾದೇವ, ಎಂಥ ಚಳಿಯಲ್ಲೂ ತಣ್ಣೀರು ಸುರಿದುಕೊಳ್ಳುವ ತನ್ನ ತಾತನನ್ನು ಬರೆದು ತಂದ. ಖುಷಿಯಾಯಿತು. ಆಮೇಲೆ ರಶ್ಮಿ ಎದ್ದು ಓದಿದಳು: "ನನ್ನ ಆದರ್ಶ ವ್ಯಕ್ತಿ ಬಿಸಿಯೂಟದ ಆಂಟಿ. ಅವರು ಯಾರ ಸಹಾಯವೂ ಇಲ್ಲದೆ ಪ್ರಬಂಧ ಬರೆದು ಬಹುಮಾನ ಪಡೆದರು."

"ಬೇರೆ ಯಾರ್ನಾದ್ರೂ ಬರಿಯವ್ವ" ಎಂದೆ.

"ಕಣ್ಣಾರೆ ಕಂಡೋರ್ನ ಬರೀರಿ ಅಂದೋರು ನೀವೇ ಅಲ್ವಾ ಆಂಟಿ?"

ಮೂರನೆಯ ದಿನ ಸೀಮೆಸುಣ್ಣ ಹಿಡಿದು, 'ನನ್ನ ಆದರ್ಶ ವ್ಯಕ್ತಿ ನನ್ನ ತಂಗಿ' ಎಂದು ಬೋರ್ಡಿನ ಮೇಲೆ ಶುರುಮಾಡಿ, ನಡೆದದ್ದನ್ನೆಲ್ಲ ಬರೆದೆ. ರಶ್ಮಿ ರಬ್ಬರು ಹುಡುಕಿ ಬಹುಮಾನದ ಸಾಲನ್ನು ಉಜ್ಜಿ, ಆ ಜಾಗದಲ್ಲಿ 'ಆಂಟಿ ಸಾರು ಚೆನ್ನಾಗಿ ಮಾಡುತ್ತಾರೆ' ಎಂದು ಬರೆದಳು. ಮಾದೇವ ಕೇಳಿದ: "ನಿಮ್ ತಂಗೀಗೆ ತಪ್ಪಾಯ್ತು ಅಂದ್ರಾ ಆಂಟಿ?"

"ಇಲ್ಲ ಕಣ್ಲಾ."

"ಮತ್ತೆ ನಮಗ್ಯಾಕೆ ಯೋಳ್ತಿದ್ದೀರಿ?"

ಭಾನುವಾರ ಪ್ರಬಂಧವನ್ನು ಹಾಳೆಗಿಳಿಸಿಕೊಂಡು, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ತಂಗಿಯನ್ನು ಕೊಟ್ಟಿರುವ ರಾಮಾಪುರಕ್ಕೆ ಹೋದೆ. ಪುಟ್ಟಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅಳುತ್ತ ಎಲ್ಲ ಒಪ್ಪಿಸಿದೆ. ಅವಳು ಕಾಯಿ ಬಿಡಿಸುತ್ತಲೇ ಹೇಳಿದಳು: "ಅಪ್ಪಂಗೆ ಅವತ್ತೇ ಗೊತ್ತಿತ್ತು ಕಣಕ್ಕ. ನಾನು ಬರೀವಾಗ ಪಕ್ಕದಲ್ಲೇ ಕುಂತಿತ್ತು."

"ಮತ್ತೆ ನನ್ನನ್ಯಾಕೆ ಕಳಿಸ್ತು?"

"ನಿನ್ನ ಮನೇಲಿ ಮಡಿಕಂಡು ಏನ್ ಮಾಡದು? ಕಳೆ ಕೀಳು ಅಂದ್ರೆ ಪೈರು ಕೀಳ್ತಿದ್ದೆ."

ಇಷ್ಟು ವರ್ಷ ಹೊತ್ತ ಪಾಪದಲ್ಲಿ ಅರ್ಧ ಅಪ್ಪನ ಪಾಲಿಗೆ ಹೋಯಿತಲ್ಲ ಎಂದು ನಗು ಬಂತು. ಪುಟ್ಟಿ ನಗಲಿಲ್ಲ. "ಆದ್ರೂ ನೀನೊಂದು ಮಾತು ಆಡಿದ್ರೆ ಮೇಷ್ಟ್ರಾದ್ರೂ ಬಂದು ಕೇಳ್ತಿದ್ರು. ನಂಗೆ ಓದ್ಬೇಕು ಅಂತ ಬಾಳ ಇತ್ತು ಕಣಕ್ಕ" ಎಂದಳು. ತಪ್ಪಾಯಿತು ಎಂದೆ. ಅವಳು ಕೈ ಒರೆಸಿಕೊಂಡು ಹಾಳೆ ಈಸಿಕೊಂಡಳು. ಎರಡು ಸಲ ಓದಿ, "ಕೊನೆ ಸರಿಯಿಲ್ಲ. ಬರೀ ಅಳುವೇ ಆಯ್ತು. ಪೆನ್ನು ಕೊಡಿಲ್ಲಿ" ಎಂದು ನನ್ನ ಕೊನೆಯ ಸಾಲುಗಳನ್ನೆಲ್ಲ ಹೊಡೆದುಹಾಕಿ, ತಾನೇ ನಾಲ್ಕು ಸಾಲು ಬರೆದಳು.

ಸೋಮವಾರ ಅದನ್ನು ತರಗತಿಯಲ್ಲಿ ಓದಿದೆ. ಆ ನಾಲ್ಕು ಸಾಲು ಮುಗಿಯುತ್ತಲೇ ಮಕ್ಕಳು ಚಪ್ಪಾಳೆ ತಟ್ಟಿದರು. "ಕೊನೆ ಬಾಳ ಚೆನ್ನಾಗದೆ ಆಂಟಿ!" ಎಂದಳು ರಶ್ಮಿ. ಅದನ್ನು ಬರೆದವರು ಯಾರೆಂದು ಮೊದಲೇ ಹೇಳಿಬಿಡಬೇಕು ಎಂದು ರಾಮಾಪುರದಿಂದ ಬರುವ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಹೇಳಿದೆ, ಖಂಡಿತ ಹೇಳಿದೆ. ಚಪ್ಪಾಳೆ ಪೂರ್ತಿ ನಿಂತ ಮೇಲೆ.