ಅತ್ತೆಯವರ ಕಪ್ತಾನ

ಯಾವುದೇ ಕಥೆಯ ಮುಂದಿನ ಭಾಗ ಮೊದಲಿನದರಷ್ಟು ಚೆನ್ನಾಗಿರುವುದಿಲ್ಲ ಎಂದು ದೂರುವವರಲ್ಲಿ ನಾನೂ ಒಬ್ಬ. ಉಪ್ಪಿಟ್ಟನ್ನು ಎರಡನೆಯ ಸಲ ಬಡಿಸಿಕೊಂಡಾಗಲೂ ನನಗೆ ಹೀಗೇ ಅನ್ನಿಸುತ್ತದೆ. ಆದರೆ ಮೂರನೆಯ ಭಾಗದಲ್ಲಿ ನಗುವೇ ಸತ್ತುಹೋಗಿದೆ ಎಂದು ಕಂಪ್ಯೂಟರ್ ಆಟದ ಕಂಪನಿಯೊಂದಕ್ಕೆ ಎರಡು ಪುಟದ ದೂರು ಬರೆದು ಕಳಿಸಿದ್ದು ಮಾತ್ರ ನನ್ನ ವಯಸ್ಸಿಗೆ ಶೋಭೆ ತರುವ ಸಂಗತಿಯಲ್ಲ. ಐವತ್ತು ದಾಟಿದವನು ಕಡಲುಗಳ್ಳರ ಆಟ ಆಡುವುದೇ ಹೆಚ್ಚು. ಅದರ ಮೇಲೆ ದೂರು ಬೇರೆ!

ಇದಕ್ಕೆ ಕಾರಣ ನಮ್ಮ ಅತ್ತೆಯವರು. ರಾಯಚೂರು ಕಡೆಯ ನಮ್ಮ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಮಾವನವರು ತೀರಿಕೊಂಡ ಮೇಲೆ ಅವರು ದಿಲ್‌ಸುಖ್‌ನಗರದ ನಮ್ಮ ಮನೆಗೆ ಬಂದಾಗ ಪದ್ಧತಿಯೂ ಟ್ರಂಕಿನ ಜೊತೆಗೇ ಬಂತು. ನಾನು ಎದುರಿಗೇ ಕೂತಿದ್ದರೂ "ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವಾ" ಎಂದು ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಹೇಳುವರು. ಮಗಳು ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಹೇಳುವರು. ಒಂದು ಭಾನುವಾರ ಮಧ್ಯಾಹ್ನ ನಾನು ಆಟದ ಮೊದಲ ಭಾಗ ಆಡುತ್ತಿದ್ದಾಗ ಬಾಗಿಲ ಬಳಿ ನಿಂತು, "ಆ ಗಡ್ಡದಾಂವ ಏನಂತಾನ?" ಎಂದು ಗೋಡೆಯನ್ನು ಕೇಳಿದರು. ಅವರಿಗೆ ಇಂಗ್ಲಿಷ್ ಬಾರದು. ಪರದೆಯ ಮೇಲಿನ ಮಾತನ್ನು ನಾನೇ ನಮ್ಮ ಭಾಷೆಗೆ ತಿರುಗಿಸಿ ಗಟ್ಟಿಯಾಗಿ ಓದಿದೆ: "ಹುಡುಗ್ರಾ, ಹಡಗಿಗೆ ತೂತು ಬಿದ್ದೈತಿ. ಆದ್ರ ಚಾ ಕುಡಿಯೂತನಕ ಮುಳುಗೂದಿಲ್ಲಂತ ಮಾತು ಕೊಟ್ಟೈತಿ."

ಅತ್ತೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು, ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಅಂದಿನಿಂದ ಗೋಡೆಗೆ ರಜೆ. ನನಗೆ ಹೇಳಬೇಕಾದದ್ದನ್ನೆಲ್ಲ ಆ ಗಡ್ಡದ ಕಪ್ತಾನನಿಗೆ ಹೇಳತೊಡಗಿದರು. "ಕಪ್ತಾನಾ, ಡಾಕ್ಟರು ಬ್ಯಾಡಂದ್ರೂ ಕೆಲವರು ಜಿಲೇಬಿ ತಿಂತಾರಂತಲ್ಲ?" ಎಂದರೆ, ಕಪ್ತಾನನ ದನಿಯಲ್ಲಿ ನಾನು, "ಚಿಂತಿ ನಕ್ಕೋ ಅವ್ವಾರ, ಕದ್ದು ತಿಂದ ಜಿಲೇಬಿಗೆ ಸಕ್ರಿ ಏರೂದಿಲ್ಲ" ಎನ್ನುತ್ತಿದ್ದೆ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವನು ನಾನು. ಯಾರಾದರೂ ಹೀಗೆ ಬಯ್ಯುವುದು ನನಗೆ ಎಷ್ಟು ಬೇಕಾಗಿತ್ತೆಂದು ಆಗಲೇ ಗೊತ್ತಾದದ್ದು. ಎರಡನೆಯ ಭಾಗವೂ ಹೀಗೇ ಸುಖವಾಗಿ ಕಳೆಯಿತು.

ಮೂರನೆಯ ಭಾಗ ಬರುವ ಹೊತ್ತಿಗೆ ನಾಚಾರಂನ ಕಾರ್ಖಾನೆಯಲ್ಲಿ ನನಗೆ ಬಡ್ತಿ ಸಿಕ್ಕು, ದಿನವಿಡೀ ಇತರರ ತಪ್ಪು ಹಿಡಿಯುವ ಕೆಲಸ ಬಂದಿತ್ತು. ಅದಿರಲಿ. ಆಟದಲ್ಲಿ ನೀಲಿ ಕಡಲು ಕಪ್ಪಾಗಿತ್ತು, ಕಪ್ತಾನನ ಹೆಗಲ ಮೇಲಿನ ಗಿಳಿ ಕಾಣೆಯಾಗಿತ್ತು. ಕಪ್ತಾನ "ಕಡಲು ಯಾರನ್ನೂ ಕ್ಷಮಿಸುವುದಿಲ್ಲ" ಎಂದ. ನಾನು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅತ್ತೆಯವರು ಸ್ವಲ್ಪ ಹೊತ್ತು ಕಾದು ಎದ್ದುಹೋದರು. ಮುಂದಿನ ಭಾನುವಾರ ಬರಲೇ ಇಲ್ಲ. ಅದರ ಮರುವಾರ "ರಾಯಚೂರಿಗೆ ತಮ್ಮನ ಮನಿಗೆ ಹೋಗ್ತೀನಿ, ಟಿಕೀಟ ತಗಸವಾ" ಎಂದು ಮಗಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಾಳು ಮೂರನೆಯ ಭಾಗವೇ ಇದಕ್ಕೆ ಕಾರಣವೆಂದು ನಿಶ್ಚಯಿಸಿ ಆ ದೂರು ಬರೆದೆ.

ದೂರಿಗೆ ಉತ್ತರ ಬರಲಿಲ್ಲ. ಅತ್ತೆಯವರನ್ನು ಹೇಗಾದರೂ ಮತ್ತೆ ಕುರ್ಚಿಗೆ ಕರೆತರಬೇಕೆಂದು, ಅವರು ಹೊರಡುವ ಮುಂಚಿನ ಭಾನುವಾರ ಮೊದಲ ಭಾಗವನ್ನೇ ಹಾಕಿ ಕೂತೆ. ಹೆಂಡತಿ ಬಂದು ಕನ್ನಡಕ ಏರಿಸಿ ಪರದೆಯನ್ನು ಓದಿದಳು. "ಹಡಗು ಮುಳುಗುತ್ತಿದೆ. ಸಾಯಲು ಸಿದ್ಧರಾಗಿ." ಆಮೇಲೆ ನನ್ನನ್ನು ಕೇಳಿದಳು: "ಇಷ್ಟ ಐತಲ್ರಿ? ಇದರಾಗ ಚಾ ಎಲ್ಲೈತಿ?"

ನಾನು ಮುಂದಿನ ಮಾತು ತೋರಿಸಿದೆ. ಅದರಲ್ಲೂ ಹೆಣಗಳೇ ಇದ್ದವು. ಮೊದಲೆರಡು ಭಾಗಗಳಲ್ಲಿ ಕಂಪನಿ ಬರೆದದ್ದನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ನನ್ನ ಬಾಯಿಗೆ ಬಂದದ್ದನ್ನೇ ಅವರು ಬರೆದಿದ್ದಾರೆಂದು ನಂಬಿಕೊಂಡಿದ್ದೆ. "ಮೂರನೇದರಾಗ ಚಿತ್ರ ಒಂದಿಷ್ಟು ಕಪ್ಪಾಗ್ಯಾವ, ಖರೆ. ಮಾತು ಮೊದಲಿಂದಾನೂ ಹಿಂಗ ಐತಿ. ನಗಸಾಂವ ನಗಸೂದು ಬಿಟ್ಟಾನ" ಎಂದಳು.

ಬಾಗಿಲ ಬಳಿ ಅತ್ತೆಯವರು ನಿಂತಿದ್ದರು. ಗೋಡೆಯನ್ನು ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು: "ಅಳಿಯಾರ, ಕಪ್ತಾನಂದು ಇರ್ಲಿ. ನಿಮಗೇನಾಗೈತ್ರಿ?"

ಒಬ್ಬ ಕಡಲುಗಳ್ಳನ ಪರವಾಗಿ ವರ್ಷಗಟ್ಟಲೆ ಪಟಪಟನೆ ಉತ್ತರ ಕೊಟ್ಟವನಿಗೆ ನನ್ನ ಪರವಾಗಿ ಹೇಳಲು ಸಿಕ್ಕಿದ್ದು ಒಂದು ಸವಕಲು ಮಾತು. "ಏನಿಲ್ರಿ ಅತ್ತಿಯಾರ, ಭಾಳ ಆರಾಮ ಅದೀನ್ರಿ" ಎಂದೆ.

ಅತ್ತೆಯವರು ಮಗಳ ಕಡೆ ತಿರುಗಿದರು.

"ಟಿಕೀಟ ರದ್ದು ಮಾಡಸವಾ. ಇವರನ್ನ ಹಿಂಗ ಬಿಟ್ಟು ಹೋಗಾಕ ಬರೂದಿಲ್ಲ. ಕಪ್ತಾನ ಇದಕ್ಕಿಂತ ಚಲೋ ಸುಳ್ಳು ಹೇಳ್ತಿದ್ದ."