ಮೂರು ಸಲ ಕೂಗಬೇಕು

ಮೇಲಿನ ರೂಮಿಗೆ ಮೂವರು ಹುಡುಗರು ಬಾಡಿಗೆಗೆ ಬಂದ ಮೇಲೆ, ನಮ್ಮ ಬಿಳೇಕಹಳ್ಳಿ ಮನೇಲಿ ನಗಬಾರದ ಹೊತ್ತಲ್ಲೂ ನಗು ಬರೋದು ಶುರುವಾಯ್ತು. ರ‍್ಯಾಪ್ ಹಾಡೋ ಗುಂಪು. ಮೊದಲನೇ ಹಾಡು ಮಾಡ್ತಿದ್ರು.

ಹಾಸಿಗೆ

"ಆಂಟಿ, ಹಳೇ ಹಾಸಿಗೆ ಇದ್ರೆ ಕೊಡಿ" ಅಂದ್ರು. ಪಾಪ, ನೆಲದ ಮೇಲೆ ಮಲಗ್ತಾರೆ ಅಂತ ನನ್ನ ಹೆಂಡತಿ ನಾಲ್ಕು ಕೊಟ್ಟಳು. ಮಾರನೇ ದಿನ ಹೋಗಿ ನೋಡಿದರೆ ನಾಲ್ಕನ್ನೂ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಸದ್ದು ಹೊರಗೆ ಹೋಗಬಾರದಂತೆ.

"ನಿಂತ್ಕೊಂಡು ಮಲಗ್ತೀರೇನ್ರೋ?" ಅಂದಳು.

ಬೈಗುಳ

ಹಾಡಲ್ಲಿ ಯಾರೋ ಎದುರಾಳಿಗೆ ಬೈಯೋದಿತ್ತು. ಇವಳು ಅವರೆಕಾಯಿ ಸುಲಿತಾ ಕೇಳಿದಳು.

"ಹಿಂಗೆ ಬೈದ್ರೆ ಅವನು ನಿಮ್ಮನ್ನ ಕಾಫಿಗೆ ಕರೀತಾನೆ" ಅಂದಳು. ಆಮೇಲೆ ತಾನೇ ಬೈದು ತೋರಿಸಿದಳು. ಐದು ನಿಮಿಷ. ಒಂದು ಬೈಗುಳಾನೂ ಎರಡು ಸಲ ಬರಲಿಲ್ಲ. ಹುಡುಗರು ಪೆನ್ನು ಹುಡುಕಿದ್ರು.

"ಆಂಟಿ, ಎಲ್ಲಿ ಪ್ರಾಕ್ಟೀಸ್ ಮಾಡಿದ್ರಿ?"

ಅವಳು ಸುಮ್ಮನೆ ನನ್ನ ಕಡೆ ಕೈ ತೋರಿಸಿದಳು.

ತಿಥಿ ದಿನ

ಅವಳು ಹೋದಳು. ಎದೆನೋವು ಅಂದಳು, ಅಷ್ಟೇ.

ತಿಥಿ ದಿನ ಹುಡುಗರು ಬಂದ್ರು. ಊಟದ ಎಲೆ ಮುಂದೆ ಕೂತ್ರು, ತಿನ್ನಲಿಲ್ಲ.

"ಅಂಕಲ್, ಹಾಡು ಮುಗ್ದಿದೆ. ಆದ್ರೆ ಕಿಟಕಿ ಹಾಕೋದು ಮರ್ತಿದ್ವಿ. ಮಧ್ಯದಲ್ಲಿ ಆಂಟಿ ಕೂಗಿದ್ದು ರೆಕಾರ್ಡ್ ಆಗಿದೆ. ತೆಗೀಲಾ, ಇಡ್ಲಾ?"

ನನ್ನ ಫೋನಲ್ಲಿ ಅವಳ ಫೋಟೋ ಇದೆ. ದನಿ ಇಲ್ಲ. ಹೋದ ಮೇಲೇ ಗೊತ್ತಾಗಿದ್ದು.

"ಏನು ಕೂಗಿದಾಳೆ?"

"ನಿಮಗೇ ಬೈದಿರೋದು ಅಂಕಲ್."

"ಹಂಗಾದ್ರೆ ಅವಳೇ. ಇಡಿ" ಅಂದೆ. ಪಾಯಸ ಹಾಕಿಸಿಕೊಂಡ್ರು.

ಮೋಟರ್

ಹಾಡು ಬಿಡೋ ದಿನ ಬೆಳಿಗ್ಗೆ ಟೆರೇಸ್ ಮೇಲೆ ಸ್ಪೀಕರ್ ಇಟ್ರು. ಬೀದಿಯವರೆಲ್ಲ ಬಂದ್ರು. ನಾನು ಕೆಳಗೆ ನೀರಿನ ಮೋಟರ್ ಹಾಕಿ, ಮೇಲೆ ಬಂದು ಕುರ್ಚೀಲಿ ಕೂತೆ.

ಹುಡುಗರು ಪಟಪಟ ಅಂತ ಏನೋ ಅಂದ್ರು. ಒಂದೂ ತಿಳೀಲಿಲ್ಲ. ಆಮೇಲೆ ಅವಳು ಬಂದಳು. "ರೀ, ಟ್ಯಾಂಕ್ ತುಂಬಿ ಸುರೀತಿದೆ. ಮೋಟರ್ ಆಫ್ ಮಾಡ್ರೀ. ಕಿವಿ ಏನು ಅಡ ಇಟ್ಟಿದ್ದೀರಾ?"

ಎಲ್ಲರೂ ನಕ್ಕರು. ಎದುರುಮನೆ ಅಕ್ಕ ನಗ್ತಾ ಕಣ್ಣು ಒರೆಸಿಕೊಂಡರು. ನಾನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಕಾಲಿಗೆ ತಣ್ಣಗಾಯ್ತು. ಪಕ್ಕದಲ್ಲಿದ್ದ ನಮ್ಮ ಟ್ಯಾಂಕು ತುಂಬಿ ಹರೀತಿತ್ತು. ಒಬ್ಬ ಸ್ಪೀಕರ್ ಎತ್ತಿ ಹಿಡ್ಕೊಂಡ.

"ಅಂಕಲ್, ನಿಜವಾಗ್ಲೂ ಸುರೀತಿದೆ. ಮೋಟರ್."

"ಗೊತ್ತಪ್ಪ. ಅವಳು ಕೂಗಿದ್ದನ್ನ ಇನ್ನೆರಡು ಸಲ ಹಾಕು" ಅಂದೆ. "ಮೂರು ಸಲ ಕೂಗಿಸದೆ ನಾನು ಯಾವತ್ತೂ ಎದ್ದೋನಲ್ಲ."